ಜಗಲಿಯ ಮೇಲಿಟ್ಟ ಏಳನೆಯ ಭಾಗ

ಹರಿಪ್ರಿಯಾಳಿಗೆ ಎಚ್ಚರವಾದದ್ದು ತಮಟೆ ಸದ್ದಿಗೆ. ಸೇಲಂನ ಅವಳ ಅಪಾರ್ಟ್‌ಮೆಂಟಿನ ಕೆಳಗೆ ಮಕ್ಕಳು ಪುಟ್ಟ ತಮಟೆ ಬಡಿಯುತ್ತಿದ್ದರು. ಕಿಟಕಿಯಿಂದ ಸುಟ್ಟ ಚಾಪೆಯ ವಾಸನೆ ಬಂತು. ಭೋಗಿ! ಮನೆಯ ಹಳೆಯದನ್ನೆಲ್ಲ ಜಗಲಿಗೆ ಹಾಕಿ, ಬೆಳಕು ಹರಿಯುವ ಮುಂಚೆ ಬೆಂಕಿಗೆ ಕೊಡುವ ಹಬ್ಬ. ಪುಸ್ತಕವನ್ನು ಜಗಲಿಯ ಮೇಲಿಡಿ ಎಂದು ನಿನ್ನೆ ಹೇಳಿದವಳು ಅವಳೇ. ಅವಳು ಫೋನಿಗೆ ಕೈ ಚಾಚಿದಳು.

ಆ ಪುಸ್ತಕವೆಂದರೆ ‘ಕಲ್ಲುಬಾಗಿಲ ನೀಲಿ’ಯ ಏಳನೆಯ ಭಾಗ. ಆಡು ಕಾಯುವ ಹುಡುಗಿ ನೀಲಿ, ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಬೆಟ್ಟದೊಳಗೆ ಹೋಗುವ ಹಳೆಯ ತಮಿಳು ಮಾಯಾಕಥೆ ಅದು. ಆರನೆಯ ಭಾಗದ ಕೊನೆಯಲ್ಲಿ ಅವಳ ಕೈಯ ದೀಪ ಆರಿಹೋಗುತ್ತದೆ. ಚಿಕ್ಕಂದಿನಲ್ಲಿ ಅದನ್ನು ಓದಿದ ಹರಿಪ್ರಿಯಾ ಅಂದಿನಿಂದ ಕತ್ತಲೆಯಲ್ಲಿ ಮಲಗಿದವಳಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಹತ್ತು ಜನರ ಮೇಲಿನ ಅಧಿಕಾರಿ, ಈಗಲೂ ರಾತ್ರಿಯಿಡೀ ನಡುಮನೆಯ ದೀಪ ಉರಿಯುತ್ತಲೇ ಇರಬೇಕು. ನಗುವವರು ನಗಲಿ. ನೀಲಿ ಹೊರಗೆ ಬಂದಳೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು ಅವಳಿಗೆ.

ಏಳನೆಯ ಭಾಗವನ್ನು ಕಂಡವರೇ ಇರಲಿಲ್ಲ. ಅದು ಅಚ್ಚೇ ಆಗಿಲ್ಲ ಎಂದು ಹಳೆಯ ಪುಸ್ತಕ ಹುಡುಕುವವರ ವಾಟ್ಸಾಪ್ ಗುಂಪಿನ ಪ್ರಭಾಕರ್ ಹಟ ಹಿಡಿದಿದ್ದ. ಆಗಿದೆ ಎನ್ನುವುದು ಹರಿಪ್ರಿಯಾಳ ವಾದ. ಈ ಕಥೆಯನ್ನು ಅಚ್ಚು ಹಾಕುತ್ತಿದ್ದ ಎಡಪ್ಪಾಡಿಯ ಪ್ರೆಸ್ಸು ಸೀರೆ ಲೇಬಲ್ಲಿಗೆ ತಂದ ಬಣ್ಣದಲ್ಲಿ ಉಳಿದದ್ದನ್ನೇ ಪುಸ್ತಕದ ರಟ್ಟಿಗೂ ಬಳಿಯುತ್ತಿತ್ತು. ಹಳೆಯ ಲೇಬಲ್ಲುಗಳನ್ನೆಲ್ಲ ಹೆಕ್ಕಿ ತಂದು ಆರೂ ಭಾಗಗಳ ರಟ್ಟಿನೊಂದಿಗೆ ತಾಳೆ ನೋಡಿ, ಏಳನೆಯದಕ್ಕೆ ಗಿಳಿಹಸಿರು ಅಂಚು ಇದ್ದೇ ಇರುತ್ತದೆ ಎಂದು ಅವಳು ಬರೆದಿದ್ದಳು. ಎಲ್ಲರೂ ನಕ್ಕಿದ್ದರು.

ನಿನ್ನೆ ನಲ್ಲಂಪಳ್ಳಿ ಕಡೆಯ ಹಳ್ಳಿಯೊಂದರಿಂದ ಮೇನಕಾ ಎಂಬವಳ ಫೋನು. "ಅಕ್ಕಾ, ಫೇಸ್‌ಬುಕ್‌ನಾಗೆ ನೀವು ಆಕಿದ್ರಲ್ಲ ನೀಲಿ ಬುಕ್ಕು, ನಮ್ಮ ಮಾವನ ಪೆಟ್ಟೀಲಿ ಒಂದು ಐತೆ. ಏಳು ಅಂತ ಬರ್ದೈತೆ. ಮನೆಗೆ ಸುಣ್ಣ ಒಡೀತಾ ಇದ್ವಾ, ಆಗ ಸಿಕ್ತು."

ಸುಣ್ಣ ಎಂದದ್ದೇ ತಡ, ಹರಿಪ್ರಿಯಾಳಿಗೆ ಜೀವ ಹೋದಂತಾಗಿತ್ತು. "ಅಯ್ಯೋ, ಒಂದು ಹನಿ ಬಿದ್ರೂ ಪೇಪರ್ ಹಾಳು! ಒಳಗೆ ಇಡಲೇಬೇಡಿ. ಹೊರಗೆ ಜಗಲಿ ಮೇಲೆ ಇಟ್ಬಿಡಿ, ಬೆಳಗ್ಗೇನೇ ಬರ್ತೀನಿ."

ಈಗ ಮೇನಕಾಳ ಫೋನ್ ಸ್ವಿಚ್ ಆಫ್. ತನಗೆ ಮಿಲ್ಲಿನಲ್ಲಿ ನೈಟ್ ಶಿಫ್ಟು, ಒಳಗೆ ಫೋನ್ ಬಿಡುವುದಿಲ್ಲ ಎಂದು ನಿನ್ನೆಯೇ ಹೇಳಿದ್ದಳು. ಹರಿಪ್ರಿಯಾ ಉಟ್ಟ ಬಟ್ಟೆಯಲ್ಲೇ ಧರ್ಮಪುರಿ ಬಸ್ಸು ಹತ್ತಿದಳು. ತೊಪ್ಪೂರು ಘಾಟಿಯಲ್ಲಿ ಮಂಜೂ ಹೊಗೆಯೂ ಸೇರಿ ಬಸ್ಸು ತೆವಳತೊಡಗಿತು. ದಾರಿಯುದ್ದಕ್ಕೂ ಮನೆಗಳ ಮುಂದೆ ಬೆಂಕಿ. ಮೇನಕಾಳ ಮನೆಯಲ್ಲಿ ಎಲ್ಲರೂ ತಡವಾಗಿ ಏಳಲಿ ದೇವರೇ, ಬೆಂಕಿಪೆಟ್ಟಿಗೆ ಒದ್ದೆಯಾಗಿರಲಿ ಎಂದು ಬೇಡಿಕೊಂಡಳು.

ಹಳ್ಳಿ ಮುಟ್ಟುವಾಗ ಬಿಸಿಲು ಬಂದಿತ್ತು. ಮನೆಯ ಸೂರಿಗೆ ಹಬ್ಬದ ರಕ್ಷೆಯೆಂದು ಬೇವು, ಆವರಿಕೆ ಹೂವಿನ ಕಾಪು ಕಟ್ಟಿ ಆಗಿತ್ತು. ಜಗಲಿ ಗುಡಿಸಿ ಸಾರಿಸಿ ಲಕಲಕ ಎನ್ನುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಅಂಗಳದಲ್ಲಿ ಬೂದಿಯಿತ್ತು.

ಮೇನಕಾ ಇನ್ನೂ ಮಿಲ್ಲಿನಿಂದ ಬಂದಿರಲಿಲ್ಲ. ಅವಳ ಗಂಡ ರಾಜಾ ಲಾರಿ ಡ್ರೈವರ್. ಕೋಳಿ ಕೂಗುವ ಹೊತ್ತಿಗೆ ಮನೆ ಸೇರಿದವನು. ವಿಷಯ ತಿಳಿದು ಅವನ ಮುಖ ಸಣ್ಣದಾಯಿತು. "ನಂಗೇನು ಗೊತ್ತು ಅಕ್ಕಾ? ಭೋಗಿ ದಿನ ಜಗಲಿ ಮ್ಯಾಲೆ ಇರೋದೆಲ್ಲಾ ಸುಡೋಕೆ ತಾನೇ? ಯಾರು ಕೇಳ್ತಾರೆ? ಎಲ್ಲಾ ವಾರಿ ಆಕ್ಬುಟ್ಟೆ."

ಅವನು ಹಬ್ಬ ಮಾಡಿದ್ದ. ಪುಸ್ತಕವನ್ನು ಬೆಂಕಿಯ ಬಾಯಿಗೆ ಇಡಿಸಿದವಳು ತಾನು. ಅವಳು ಕುಕ್ಕರಗಾಲಲ್ಲಿ ಕೂತು ಬೂದಿ ಕೆದಕಿದಳು. ಬೆರಳು ಸುಟ್ಟಿತು. ರಟ್ಟಿನ ಒಂದು ಮೂಲೆ ಸಿಕ್ಕಿತು. ಉಜ್ಜಿ ನೋಡಿದರೆ ಗಿಳಿಹಸಿರು. ಅವಳು ಬರೆದದ್ದು ನಿಜವಾಗಿತ್ತು. ಪ್ರಭಾಕರನ ಬಾಯಿ ಮುಚ್ಚಿಸಲು ಅಷ್ಟು ಸಾಕು. ಹರಿಪ್ರಿಯಾ ಅಳತೊಡಗಿದಳು.

ರಾಜಾನ ತಾಯಿ ಮುತ್ಯಾಲಮ್ಮ ಬಂದು ಅವಳ ರಟ್ಟೆ ಹಿಡಿದೆಬ್ಬಿಸಿ, ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಳು.

"ಅಜ್ಜೀ, ಕಥೆ ಹೇಗೆ ಮುಗಿಯುತ್ತೆ, ನಿಮಗೆ ಗೊತ್ತಾ? ನೀಲಿ ಹೊರಗೆ ಬಂದ್ಳಾ?"

"ನಂಗೆ ಓದಾಕೆ ಬರಕಿಲ್ಲ ತಾಯಿ. ನಮ್ಮನೆಯವ್ರು ಒಬ್ರೇ ಕುಂತ್ಕಂಡು ಓದೋರು." ಮುದುಕಿ ಬೂದಿಯ ಕಡೆ ನೋಡಿದಳು. "ಕಡೇ ಪೇಜು ಬಂದಾಗೆಲ್ಲಾ ಒಂದೇ ಮಾತು. ದೀಪ ಆರಿಸ್ಬ್ಯಾಡ ಕಣೇ ಮುತ್ಯಾಲೂ, ಅನ್ನೋರು. ಸಾಯೋ ತಂಕ ಅಂಗೇ. ಯಾಕೇಂತ ನಾನು ಕೇಳ್ಳೇ ಇಲ್ಲ."

ಹರಿಪ್ರಿಯಾ ಲೋಟ ಕೆಳಗಿಟ್ಟಳು. ಜಗಲಿಯ ನೆರಳು ಬಿಟ್ಟು ಎದ್ದು, ಅಂಗಳದ ಬಿಸಿಲಿಗೆ ಹೋಗಿ ನಿಂತಳು.