ಮಗಳು ಬರುವವರೆಗೆ

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ ನಾಲ್ವರನ್ನೂ ಬಾಪುಸಾಹೇಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಎತ್ತಬ್ಯಾಡ್ರಿ. ಮಾಸ್ತರ ಮಗಳು ಇನ್ನೂ ಬಂದಿಲ್ಲ."

ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಳ್ಳುತ್ತಿದ್ದ ಮಾಯಪ್ಪನ ಕೈ ಅಲ್ಲೇ ನಿಂತಿತು. ಅವನು ಸತ್ತ ಕೇದಾರಿ ಮಾಸ್ತರರ ತಮ್ಮ. ಬೆಳಗಿನ ಬಸ್ಸಿಗೆ ಮೇಲವಂಕಿಯಿಂದ ಬಂದಿದ್ದ.

"ಯಾವ ಮಗಳ್ರಿ?"

"ಕಾಡವ್ವ. ಧಾರವಾಡದಾಗ ಸಾಲಿ ಕಲಸಾಕತ್ತಾಳಲ್ಲ. ತಾರ ಹೊಡದೀರೋ ಇಲ್ಲೋ? ಇಲ್ಲಂದ್ರ ಈಗ ನನ್ನ ಜೀಪ ಕಳಸ್ತೇನಿ. ಸಂಜೀತನಕ ತಡದ್ರ ಏನೂ ಆಗಂಗಿಲ್ಲ. ಮಗಳು ಮುಖಾ ನೋಡಲಾರದ ಮಣ್ಣ ಕೊಡೂದು ಚಲೋ ಅಲ್ಲ."

ಮೂಡಲಗಿಯ ಆ ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರಿಗೆ ಮಗಳಿದ್ದಾಳೆಂದು ಯಾರೂ ಕೇಳಿರಲಿಲ್ಲ. ಕೊನೆಗೆ ಎಲ್ಲರೂ ಇಂದ್ರವ್ವನ ಕಡೆ ತಿರುಗಿದರು.

ಇಂದ್ರವ್ವ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಗಂಡ ಸತ್ತಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಬರಬೇಕು ಎಂದು ಕಾದು ನೋಡಿ ಬಿಟ್ಟುಬಿಟ್ಟಿದ್ದಳು. ಬಾಪುಸಾಹೇಬರ ಹೆಂಡತಿ ಸೀತಾಬಾಯಿ ಅದೇ ಚಾಪೆಯ ಮೇಲೆ ಒತ್ತಿ ಕೂತು ಅವಳ ಕೈ ಹಿಡಿದಿದ್ದರು. ಮೊದಲು ಎಂದೂ ಕಾಣದ ಹೆಂಗಸು. ಕೈ ಬಿಡಿಸಿಕೊಳ್ಳಬೇಕೆಂದೂ ತೋಚದೆ ಇಂದ್ರವ್ವ ಹಾಗೇ ಕೂತಿದ್ದಳು. ಕಾಡವ್ವ ಎಂಬ ಹೆಸರು ಕಿವಿಗೆ ಬಿದ್ದಾಗ ಬೇರೆ ಯಾರದೋ ಮನೆಯ ಮಾತು ಅಂದುಕೊಂಡಳು.

*

ಕಾಡವ್ವ ಸತ್ತದ್ದು ಹತ್ತರಗಿಯಲ್ಲಿ, ದೇಶ ಸ್ವತಂತ್ರವಾದ ವರ್ಷ, ಜ್ವರದಿಂದ. ನಾಲ್ಕು ತುಂಬಿರಲಿಲ್ಲ. ಮಾಸ್ತರರು ತಾವೇ ಎತ್ತಿಕೊಂಡು ಹೋಗಿ ಮಣ್ಣು ಕೊಟ್ಟು ಬಂದರು, ಕೈಕಾಲು ತೊಳೆದರು, ಮರುದಿನ ಶಾಲೆಗೆ ಹೋದರು. ಆಮೇಲೆ ಕೇಳಿಕೊಂಡು ಮೂಡಲಗಿಗೆ ವರ್ಗ ಮಾಡಿಸಿಕೊಂಡರು. ಇಲ್ಲಿ ಮಕ್ಕಳೆಷ್ಟು ಎಂದು ಕೇಳಿದವರಿಗೆ, "ಇಲ್ರಿ" ಎಂದು ಮುಗಿಸುತ್ತಿದ್ದರು.

ಒಂದು ಪಂಚಮಿಯ ದಿನ ಪಕ್ಕದ ಮನೆಯ ಹುಡುಗಿಯರು ಜೋಕಾಲಿ ಆಡುವುದನ್ನು ನೋಡುತ್ತ ಇಂದ್ರವ್ವ, "ನಮ್ಮ ಕಾಡವ್ವ ಇದ್ದಿದ್ರ," ಎಂದು ಶುರು ಮಾಡಿದ್ದಳು. ಮಾಸ್ತರರು ಉಣ್ಣುವ ತಾಟು ಬಿಟ್ಟು ಎದ್ದು ಹೊರಗೆ ಹೋದರು. ಅಂದಿನಿಂದ ಅವಳೂ ಆ ಹೆಸರು ಎತ್ತಲಿಲ್ಲ. ಹೆತ್ತ ಮಗಳನ್ನು ಮರೆತುಬಿಟ್ಟ ಗಂಡಸು ಎಂಬ ಸಿಟ್ಟು ಮಾತ್ರ ಉಳಿಯಿತು. ರೊಟ್ಟಿ ಬಡಿಯುವಾಗ ಇತ್ತು, ಅವರ ಅಂಗಿ ಒಗೆಯುವಾಗ ಇತ್ತು, ಈ ಬೆಳಿಗ್ಗೆ ಅವರ ಮೈಗೆ ನೀರು ಹಾಕುವಾಗಲೂ ಇತ್ತು.

*

ಬಾಪುಸಾಹೇಬರು ಹುಕ್ಕೇರಿಯ ಅರಿವೆ ವ್ಯಾಪಾರಿ. ಮುಂಬೈಯಲ್ಲಿ ಹಳೆಯ ಮೋಟಾರು ದೋಣಿಯೊಂದು ಅಗ್ಗಕ್ಕೆ ಸಿಕ್ಕಿತೆಂದು ತಂದು ಧೂಪದಾಳದ ಹಿನ್ನೀರಿಗೆ ಬಿಟ್ಟಿದ್ದರು. ಗೋಕಾಕ ಫಾಲ್ಸ್ ನೋಡಲು ಬಂದ ಬೆಳಗಾವಿ, ಕೊಲ್ಲಾಪುರದ ಜನ ರವಿವಾರ ಅದರಲ್ಲಿ ತಿರುಗಾಡುತ್ತಿದ್ದರು. ಒಂದಷ್ಟು ನೀರು, ಬೆಳ್ಳಕ್ಕಿ, ಮತ್ತೆ ನೀರು. ಅರ್ಧ ದಾರಿಗೇ ಜನ ಬುತ್ತಿ ಬಿಚ್ಚಿ ಉಂಡು ಮಲಗಿಬಿಡುತ್ತಿದ್ದರು. ಅವರನ್ನು ಎಚ್ಚರ ಇಡಲು ಕನ್ನಡ, ಮರಾಠಿ ಎರಡೂ ಬಲ್ಲ ಒಬ್ಬ ಮಾತುಗಾರ ಬೇಕಾಗಿತ್ತು. ಕೇದಾರಿ ಮಾಸ್ತರರನ್ನು ಹುಡುಕಿ ಒಪ್ಪಿಸಿ, ದೋಣಿಯ ಬೋರ್ಡಿನ ಮೇಲೆ ಅವರ ಹೆಸರಿನ ಮುಂದೆ 'ಅತಿಥಿ ವ್ಯಾಖ್ಯಾನಕಾರರು' ಎಂದು ಬಣ್ಣದಲ್ಲಿ ಬರೆಸಿದರು. ಮನೆಯಲ್ಲಿ ಈ ವ್ಯಾಖ್ಯಾನಕಾರರು ಉಪ್ಪು ಬೇಕಾದರೂ ಬಾಯಿ ಬಿಡದೆ ಬೆರಳು ತೋರಿಸುತ್ತಿದ್ದರು.

ದೋಣಿಯಲ್ಲಿ ಅವರು ಒಡ್ಡು ಕಟ್ಟಿದ ಕತೆ ಹೇಳುತ್ತಿದ್ದರು, ಕಾಲುವೆ ಹೋದ ಊರುಗಳನ್ನು ಹೇಳುತ್ತಿದ್ದರು, ಚಳಿಗಾಲದ ಹಕ್ಕಿಗಳು ಎಲ್ಲಿಂದ ಬರುತ್ತವೆ ಎಂದು ಹೇಳುತ್ತಿದ್ದರು. ತಿರುಗಿ ಬರುವಾಗ ಹೇಳುವುದೆಲ್ಲ ಮುಗಿದಿರುತ್ತಿತ್ತು, ದಂಡೆ ಇನ್ನೂ ದೂರ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರೋ ಹೆಣ್ಣುಮಗಳು ಕೇಳಿದಳು, "ಮಾಸ್ತರ, ನಿಮಗ ಮಕ್ಕಳೆಷ್ಟು?"

"ಒಬ್ಬಾಕಿ ಅದಾಳ್ರಿ," ಎಂದರು ಮಾಸ್ತರರು.

ಮುಂದಿನ ರವಿವಾರ ಯಾರೂ ಕೇಳದೆಯೇ ಹೇಳಿದರು. ವರ್ಷ ಹೋದಂತೆ ಆ ಹುಡುಗಿ ಮುಲ್ಕಿ ಪರೀಕ್ಷೆ ಪಾಸಾದಳು, ಟ್ರೇನಿಂಗಿಗೆಂದು ಧಾರವಾಡಕ್ಕೆ ಹೋದಳು, ಅಲ್ಲೇ ನೌಕರಿ ಹಿಡಿದಳು. ಹಿಂದಿನ ಬೆಂಚಿನ ಮೇಲೆ ಜನರಿಗೆ ಚಹ ಬಗ್ಗಿಸುತ್ತ ಸೀತಾಬಾಯಿ ಎಲ್ಲವನ್ನೂ ಕೇಳುತ್ತಿದ್ದರು.

*

ಮಾಯಪ್ಪ ಅತ್ತಿಗೆಯ ಬಳಿ ಬಂದು ಬಗ್ಗಿದ.

"ವೈನೀ, ಖರೆ ಹೇಳಿಬಿಡ್ಲೇನು?"

ಇಂದ್ರವ್ವ ಚಟ್ಟದ ಮೇಲಿನ ಮುಖ ನೋಡಿದಳು. ಈಗ ಖರೆ ಹೇಳಿದರೆ ಇಷ್ಟು ಜನರ ಮುಂದೆ ಮಾಸ್ತರರು ಸುಳ್ಳುಗಾರರಾಗಿ ಮಣ್ಣಿಗೆ ಹೋಗುತ್ತಾರೆ. ಕಾಡವ್ವ ಇನ್ನೊಮ್ಮೆ ಸಾಯುತ್ತಾಳೆ. ಹೇಳದಿದ್ದರೆ ಜೀಪು ಧಾರವಾಡಕ್ಕೆ ಹೊರಡುತ್ತದೆ.

"ಜೀಪ ಕಳಸಬ್ಯಾಡ್ರಿ, ಸಾಹುಕಾರ್ರ," ಎಂದಳು. "ಆಕಿಗೆ ಜ್ವರಾ ಬಂದಾವು. ಎದ್ದ ಬರೂ ಹಂಗಿಲ್ಲ."

"ಭಾಳ ಅದಾವೇನ್ರಿ?"

"ಭಾಳ ಅದಾವು. ಎತ್ರಿ ಅವರನ್ನ."

ಬಾಪುಸಾಹೇಬರು ಟೊಪ್ಪಿಗೆ ತೆಗೆದು ಹಿಂದೆ ಸರಿದರು. ಮಾಯಪ್ಪ ಅತ್ತಿಗೆಯನ್ನೇ ಒಂದು ಗಳಿಗೆ ನೋಡಿ, ಹೋಗಿ ಹೆಗಲು ಕೊಟ್ಟ. ಗಂಡಸರೆಲ್ಲ ಚಟ್ಟದ ಹಿಂದೆ ನಡೆದರು. ಓಣಿಯ ಹೆಂಗಸರು ಅಂಗಳಕ್ಕೆ ನೀರು ಹಾಕಿ ಗುಡಿಸಲು ಎದ್ದರು. ಚಾಪೆಯ ಮೇಲೆ ಇಬ್ಬರೇ ಉಳಿದರು.

"ಗಾಬರಿ ಆಗಬ್ಯಾಡ್ರಿ," ಎಂದರು ಸೀತಾಬಾಯಿ. "ಜ್ವರಾ ಇಳದ ಮ್ಯಾಲ ಬರ್ತಾಳ. ಭಾಳ ಗಟ್ಟಿ ಹುಡುಗಿ ಅಂತಿದ್ರು ಮಾಸ್ತರ."

"ಮತ್ತ ಏನಂತಿದ್ರು?"

"ನಿಮಗ ಗೊತ್ತಿಲ್ಲದ್ದು ನಾ ಏನ ಹೇಳ್ಲಿ?"

"ಅವರ ಬಾಯಿಂದ ನಾ ಕೇಳಿಲ್ರಿ. ಹೇಳ್ರಿ ನೀವು."

ಸೀತಾಬಾಯಿ ನೆನಪಾದಷ್ಟು ಹೇಳಿದರು. ಚಸ್ಮಾ ಬಂದಾವಂತ. ಸಾಲಿ ಹುಡುಗರಿಗೆ ಬಡಿಯಂಗಿಲ್ಲಂತ. ಕೆಂಪ ಚಟ್ನಿ ಇಲ್ಲದ ರೊಟ್ಟಿ ಮುಟ್ಟಂಗಿಲ್ಲಂತ. ಕೂದಲಾ ಅವ್ವನಂಗ ಗುಂಗರಂತ. ಇಷ್ಟು ಹೊತ್ತು ಸುಮ್ಮನೆ ಬಿದ್ದಿದ್ದ ಇಂದ್ರವ್ವನ ಕೈ ಸೀತಾಬಾಯಿಯ ಕೈಯನ್ನು ಬಿಗಿಯಾಗಿ ಹಿಡಿಯಿತು.

"ಎತ್ತರ? ಎಷ್ಟ ಎತ್ತರ ಆಗ್ಯಾಳಂತ?"

"ದೋಣ್ಯಾಗ ನಿಂತು ಕೈ ಮಾಡಿ ತೋರಸ್ತಿದ್ರಲ್ರಿ." ಸೀತಾಬಾಯಿ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ನಿಂತು, ಅಂಗೈ ಅಡ್ಡ ಮಾಡಿ ತಮ್ಮ ಕಿವಿಯ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದರು. "ಇಷ್ಟ."

ಇಂದ್ರವ್ವ ಆ ಕೈಯ ಕೆಳಗಿನ ಜಾಗವನ್ನು ನೆಲದಿಂದ ಮೇಲಕ್ಕೆ ನಿಧಾನವಾಗಿ ನೋಡಿದಳು. ಕೈ ಸೋತು ಸೀತಾಬಾಯಿ ಇಳಿಸಲು ಹೋದಾಗ, "ಇನ್ನೊಂದೀಟ ಹಿಡೀರಿ," ಎಂದಳು.