ಕಪ್ಪು ಬಳಿದ ಟೈರು

ಜವರಯ್ಯ ಹೆಮ್ಮೆಯ ಮನುಷ್ಯ. ಆ ಹೆಮ್ಮೆಗೆಲ್ಲ ಕಾರಣ ಒಂದು ವ್ಯಾನು. ಮೂವತ್ತು ವರ್ಷ ಊರವರ ಲಾರಿ ಓಡಿಸಿ ದಣಿದವನು, ತೊಂಬತ್ತನೇ ಇಸವಿಯಲ್ಲಿ ಅದನ್ನು ಕೊಂಡು, ಹೊಸ ಟೈರು ಹಾಕಿಸಿ, ಒಳಗೆ ಮಂಚ ಕೂರಿಸಿ, ಸ್ಟೌವಿಗೆ ಕಟ್ಟೆ ಮಾಡಿಸಿ, ಹೆಂಡತಿ ಮಗಳನ್ನು ಕಾಶಿಗೆ ಕರೆದುಕೊಂಡು ಹೋಗಿಬಂದಿದ್ದ. ಆಮೇಲೆ ಆರು ವರ್ಷ ಅದು ನಾಗಮಂಗಲದ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು.

ತಿಂಗಳಿಗೊಮ್ಮೆ ಎಂಜಿನ್ ಗುರುಗುಟ್ಟಿಸುತ್ತಿದ್ದ, ಅಷ್ಟೇ. ಆಯುಧಪೂಜೆ ಬಂದರೆ ಮಾತ್ರ ವ್ಯಾನಿಗೆ ಮದುವೆಯ ಕಳೆ. ಮೈ ತೊಳೆದು, ವಿಭೂತಿ ಬಳಿದು, ಹಳೇ ಎಂಜಿನ್ ಆಯಿಲ್ಲಿಗೆ ಮಸಿ ಕಲಸಿ ಟೈರುಗಳಿಗೆಲ್ಲ ತಿಕ್ಕುತ್ತಿದ್ದ. ಚಕ್ರದಡಿ ನಿಂಬೆಹಣ್ಣಿಟ್ಟು, ಒಂದು ಮಾರು ಮುಂದೆ ಬಿಟ್ಟು, ಹಣ್ಣು ಪಚಕ್ಕೆಂದ ಮೇಲೆ ಹಿಂದಕ್ಕೆ ತಂದು ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದ. "ಟೈರ್ ನೋಡ್ಲಾ, ಮೊನ್ನೆ ತಂದಂಗವೆ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಅವತ್ತು ಬೆಳಿಗ್ಗೆ, ಬಾಣಂತನಕ್ಕೆಂದು ಬಂದಿದ್ದ ಮಗಳು ಪ್ರಮೀಳಾಗೆ ಎಂಟನೇ ತಿಂಗಳಲ್ಲೇ ರಕ್ತ ಕಾಣಿಸಿತು. ಊರಿನ ಆಸ್ಪತ್ರೆಯ ಡಾಕ್ಟರಮ್ಮ ಗಂಭೀರವಾಗಿ ಹೇಳಿದರು. "ಮೈಸೂರಿಗೇ ಹೋಗ್ಬೇಕು. ಕೂರಿಸ್ಬೇಡಿ, ಮಲಗಿಸಿಯೇ ಕರ್ಕೊಂಡ್ಹೋಗಿ. ಮಗು ಅಲ್ಲಾಡುತ್ತಾ ನೋಡ್ತಾ ಇರಿ. ಒಂದು ಗಂಟೇಲಿ ಆಂಬುಲೆನ್ಸ್ ಬರುತ್ತೆ."

"ಒಂದ್ ಗಂಟೆ ಯಾಕ್ ಕಾಯದು ಡಾಕ್ಟ್ರಮ್ಮ? ನಮ್ ವ್ಯಾನಲ್ಲಿ ಮಂಚನೇ ಅದೆ," ಎಂದ ಜವರಯ್ಯ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಜಂಬ ಇಣುಕಿತು.

ಮಗಳನ್ನು ಮಲಗಿಸಿ, ತಲೆಯ ಹತ್ತಿರ ಹೆಂಡತಿ ಬೈರಮ್ಮನನ್ನು ಕೂರಿಸಿ ಹೊರಟ. ಬೈರಮ್ಮ ಮೈಲಿಗೊಮ್ಮೆ ಕೇಳುತ್ತಿದ್ದಳು, "ಅಲ್ಲಾಡ್ತಾ ಮಗ?" ಮೊದಮೊದಲು ಪ್ರಮೀಳಾ ಹ್ಞೂಂ ಎನ್ನುತ್ತಿದ್ದಳು. ಜಕ್ಕನಹಳ್ಳಿ ದಾಟಿದ ಮೇಲೆ ಸುಮ್ಮನಾದಳು. ಅದೇ ಹೊತ್ತಿಗೆ ಹಿಂದಿನ ಚಕ್ರ ದಬದಬ ಸದ್ದು ಮಾಡತೊಡಗಿ, ಢಮ್ಮೆಂದಿತು. ವ್ಯಾನು ಒಂದು ಕಡೆಗೆ ಎಳೆಯಿತು. ಹೇಗೋ ಹಿಡಿದು ನಿಲ್ಲಿಸಿದ.

ಇಳಿದು ನೋಡಿದರೆ ಟೈರು ಸಿಪ್ಪೆಯಂತೆ ಸುಲಿದುಹೋಗಿತ್ತು. ಉಳಿದವನ್ನು ನೋಡೋಣವೆಂದು ಮುಂದಿನ ಟೈರನ್ನು ಹೆಬ್ಬೆರಳಿನಿಂದ ಉಜ್ಜಿದ. ಮಸಿ ಕೈಗೆ ಬಂತು. ಅದರಡಿ ರಬ್ಬರು ಗದ್ದೆ ಕೆಲಸದವರ ಹಿಮ್ಮಡಿಯಂತೆ ಬಿರುಕುಬಿಟ್ಟಿತ್ತು. ಇನ್ನೊಂದನ್ನು ಉಜ್ಜಿದ, ಅದೂ ಅಷ್ಟೇ. ಮೇಲೆ ಥಳಕು, ಒಳಗೆ ಹುಳುಕು. ವರ್ಷಾ ವರ್ಷಾ ಆ ಥಳಕನ್ನು ಬಳಿದವನು ತಾನೇ.

"ಸ್ಟೆಪ್ನಿ ಆಕಿ, ಬಿರ್ರನೆ ಓಗವಾ," ಎಂದಳು ಬೈರಮ್ಮ.

ಹತ್ತು ನಿಮಿಷದ ಕೆಲಸ. ಆದರೆ ಮುಂದಿನದು ಸಿಡಿದರೆ? ಮುಂದೆ ನಾಲೆ ಏರಿಯ ರಸ್ತೆ. ಇಷ್ಟು ಹೊತ್ತಿಗೆ ಆಂಬುಲೆನ್ಸ್ ಬಂದಿರುತ್ತಿತ್ತು.

"ನಾನ್ ಓಡ್ಸಕಿಲ್ಲ ಕಣೆ. ಒಂದ್ ಟೈರೂ ನಂಬಂಗಿಲ್ಲ. ನನ್ನಿಂದಾನೇ ಇಂಗಾಯ್ತು," ಎಂದ. ಗಾಡಿ ಓಡಿಸುವುದಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮೈಸೂರಿನ ಬಸ್ಸು ಬಂತು. ಜವರಯ್ಯ ರಸ್ತೆಯ ನಡುವೆ ನಿಂತು ಎರಡೂ ಕೈ ಮುಗಿದ. ವ್ಯಾನಿನೊಳಗೆ ಬಗ್ಗಿ ನೋಡಿದ ಕಂಡಕ್ಟರು ಮಹದೇವಸ್ವಾಮಿ ಬಸ್ಸಿನತ್ತ ತಿರುಗಿದ. "ಇಂದ್ಗಡೆ ಸೀಟ್ ಪೂರಾ ಬುಡ್ರಪ್ಪ," ಎಂದ. ಜನ ಎದ್ದರು. ನಾಲ್ವರು ಹಾಸಿಗೆ ಸಮೇತ ಪ್ರಮೀಳಾಳನ್ನು ಎತ್ತಿ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದರು.

ಪಾಂಡವಪುರ ಕಳೆಯಿತು. ಪ್ರಮೀಳಾ ಕಣ್ಣುಮುಚ್ಚಿಕೊಂಡೇ ಇದ್ದಳು. ಬೈರಮ್ಮನಿಗೂ ಈಗ ಕೇಳುವ ಧೈರ್ಯವಿರಲಿಲ್ಲ. ಜವರಯ್ಯ ಮಗಳ ಕಾಲ ಬಳಿ ನೆಲದ ಮೇಲೆ ಕೂತು, ಮಸಿಯ ಕೈಗಳನ್ನು ಟವೆಲ್ಲಿಗೆ ಉಜ್ಜಿದ, ಮತ್ತೆ ಉಜ್ಜಿದ. ಹೋಗಲಿಲ್ಲ.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಪ್ರಮೀಳಾ ತಟ್ಟನೆ ಕೈಚಾಚಿ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲು ನೋಡಿದ. "ಮಸಿ ಆಯ್ತದೆ ಮಗ."

"ಆಗ್ಲಿ ಬುಡಪ್ಪ," ಎಂದಳು ಅವಳು. "ಒದೀತು. ಈಗ ಒದೀತು."

ಅವನೂ ಅವಳ ಮುಂಗೈಯನ್ನು ಒತ್ತಿ ಹಿಡಿದ. ಬಿಟ್ಟಾಗ ಅಲ್ಲಿ ಐದು ಕಪ್ಪು ಬೆರಳಚ್ಚು ಮೂಡಿದ್ದವು. ಜವರಯ್ಯ ಅದನ್ನೇ ನೋಡುತ್ತ ಸದ್ದಿಲ್ಲದೆ ಅತ್ತ.