ಹನ್ನೊಂದು ದಿನದ ಪಥ್ಯ

ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗೌರೀಶನಿಗೆ ಮೈ ಉರಿಯುತ್ತಿತ್ತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎರಕದ ಭಾಗಗಳ ತಪಾಸಣೆ ಮಾಡುತ್ತಿದ್ದ ಅವನ ರಿಜಿಸ್ಟರಿನಲ್ಲಿ ಇದ್ದದ್ದು ಎರಡೇ ಗುರುತು. ಪಾಸಾದರೆ ಟಿಕ್, ಇಲ್ಲವಾದರೆ ಅಡ್ಡಗೀಟಿನ ಕಾಟು. ಗುಮಾನಿ ಇದ್ದರೆ ಮತ್ತೊಮ್ಮೆ ಗೇಜು ಹಿಡಿದು ನೋಡಬೇಕೇ ಹೊರತು ಗುಮಾನಿಯನ್ನೇ ಕಾಗದದ ಮೇಲೆ ಬರೆದಿಡಬಾರದು. ಬಿ.ಎಸ್ಸಿ. ಮೊದಲ ದರ್ಜೆಯವನು ಕಲಿತದ್ದು ಇಷ್ಟು. ಮನೆಯಲ್ಲಿ ನಡೆಸಿದ್ದೂ ಇದನ್ನೇ.

ಹಾಗಾಗಿ ಹೆಂಡತಿ ನೇತ್ರಾ ಟಿಳಕವಾಡಿಯ ಡಾಕ್ಟರ್ ಮುಗ್ಧಾ ಅವರ ಚೀಟಿಯನ್ನು ಚಹಾದ ಕಪ್ಪಿನ ಬದಿಗೆ ಇಟ್ಟಾಗ, ಅವನ ಕಣ್ಣಿಗೆ ಮೊದಲು ಬಿದ್ದದ್ದು ಕೊನೆಯ ಸಾಲಿನ ತುದಿಗೆ ನೇತಾಡುತ್ತಿದ್ದ ಆ ಕೊಕ್ಕೆ. ‘ವಾಲ್ವಿನ ಸುತ್ತ ಸೋರಿಕೆ?’

"ಯಾರನ್ನ ಕೇಳಿ ಹೋಗಿದ್ದಿ?"

"ನಿಮ್ಮನ್ನ ಆರು ಸಲ ಕೇಳೀನ್ರಿ, ಇನ್ನೊಂದು ಕಡೆ ತೋರಸೂಣು ಅಂತ. ನೀವು ಹೂಂ ಅನ್ನಲಿಲ್ಲ."

"ಹೂಂ ಅನ್ನಲಿಲ್ಲ ಅಂದ್ರ ಬ್ಯಾಡ ಅಂತ ಅರ್ಥ. ನಿಮ್ಮ ತವರು ನಂದಗಡದಾಗ ಬ್ಯಾರೆ ಅರ್ಥ ಐತೇನು?"

ಎಂಟು ತಿಂಗಳ ಹಿಂದೆ ದೊಡ್ಡ ಆಸ್ಪತ್ರೆಯೊಂದರಲ್ಲಿ ನೇತ್ರಾಳ ಹೃದಯದ ಕೆಟ್ಟ ಕವಾಟ ತೆಗೆದು ಕೃತಕ ಕವಾಟ ಹೊಲಿದಿದ್ದರು. ಆಸ್ಪತ್ರೆ ಯಾವುದು, ಸರ್ಜನ್ ಯಾರು ಎಂಬುದನ್ನೆಲ್ಲ ಹದಿನೈದು ದಿನ ಕೂತು ತುಲನೆ ಮಾಡಿ ಆರಿಸಿದವನು ಗೌರೀಶನೇ. ಬಿಡುಗಡೆಯ ದಿನ ನರ್ಸ್ ಎರಡು ಮಾತು ಹೇಳಿದ್ದಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಒಂದು ದಿನವೂ ಬಿಡಬಾರದು, ಬಿಟ್ಟರೆ ಕವಾಟಕ್ಕೇ ರಕ್ತ ಗಡ್ಡೆಗಟ್ಟಿ ಅದು ಬಿಗಿದುಕೊಳ್ಳುತ್ತದೆ. ಎರಡನೆಯದು, ಎದೆಯೊಳಗೆ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳುತ್ತದೆ. ಕೇಳುವವರೆಗೆ ಚಿಂತೆಯಿಲ್ಲ, ಸಪ್ಪಳ ಮಂಕಾದರೆ ಓಡಿ ಬರಬೇಕು. ಗೌರೀಶ ಇನ್ನೂರು ಪುಟದ ನೋಟ್‌ಬುಕ್ ತಂದು ಎರಡನ್ನೂ ಮೊದಲ ಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದ. ಉಳಿದ ಪುಟಗಳಿಗೆ ಚೌಕ ಎಳೆದ. ಗುಳಿಗೆಗಳು ಅವನ ಕಪಾಟಿನಲ್ಲಿ, ಕೀಲಿ ಅವನ ಕಿಸೆಯಲ್ಲಿ. ದಿನಾ ಸಂಜೆ ಏಳಕ್ಕೆ ಒಂದು ಗುಳಿಗೆ, ಒಂದು ಟಿಕ್.

ಟಿಕ್ಕುಗಳೇನೋ ಸಾಲಾಗಿ ನೆಟ್ಟಗೆ ನಿಂತವು. ನೇತ್ರಾಳಿಗೆ ಮಾತ್ರ ನಿಲ್ಲಲಾಗಲಿಲ್ಲ. ಮಜಗಾವಿಯ ತಮ್ಮ ಮನೆಯ ಒಂಬತ್ತು ಮೆಟ್ಟಿಲು ಹತ್ತಲು ಎರಡು ಕಡೆ ಕೂರುತ್ತಿದ್ದಳು. ಸರ್ಜನ್ನರ ಬಳಿ ಎರಡು ಸಲ ಹೋಗಿ ಬಂದದ್ದಾಯಿತು. "ವಾಲ್ವ್ ಫಸ್ಟ್ ಕ್ಲಾಸ್ ಕೆಲಸ ಮಾಡಾಕತ್ತೈತಿ. ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ಅವರು ನೇತ್ರಾಳ ಮುಖ ನೋಡದೆ ಗೌರೀಶನಿಗೆ ಹೇಳಿದ್ದರು. ಅಂದಿನಿಂದ ಅವಳ ಏದುಸಿರಿಗೆ ಮನೆಯಲ್ಲಿ ನಾಟಕವೆಂದು ಹೆಸರಾಯಿತು.

"ನಾವು ಹಡದ ಒಂಬತ್ತನೇ ದಿನಕ್ಕ ನೀರು ಹೊತ್ತೇವಿ" ಎನ್ನುತ್ತಿದ್ದಳು ಅತ್ತೆ ಅಕ್ಕವ್ವ. "ಇಕಿಗೆ ಎದ್ಯಾಗ ಗಡಿಯಾರ ಕುಂದರಿಸಿದ್ರೂ ಹೊತ್ತಿಗೆ ಸರಿಯಾಗಿ ಅಡಗಿ ಇಲ್ಲ."

ಈಗ ಚೀಟಿ ಮುಂದಿಟ್ಟುಕೊಂಡು ನೇತ್ರಾ ಉಸಿರು ಕೂಡಿಸಿ ಕೂಡಿಸಿ ಹೇಳಿದಳು. "ವಾಲ್ವ್ ಸರಿ ಐತಂತ್ರಿ. ಅದನ್ನ ಹೊಲಿದ ಜಾಗಾದಾಗ ಸಂದಿ ಬಿಟ್ಟಿರಬಹುದಂತ. ಆ ಸಂದ್ಯಾಗ ರಕ್ತ ನುಗ್ಗಿ ನುಗ್ಗಿ ಕಣ ಒಡ್ಯಾಕತ್ತಾವಂತ. ಅದಕ್ಕ ನನಗ ಉಚ್ಚಿ ಕರೀ ಚಹಾದಂಗ ಹೋಗತೈತಿ. ಗಂಟಲದಾಗ ಕ್ಯಾಮೆರಾ ಇಳಿಸಿ ನೋಡಿದ್ರ ಗೊತ್ತಾಗತೈತಂತ."

"ನೋಡಿದ್ರ ಗೊತ್ತಾಗತೈತಿ. ಅಂದ್ರ ಈಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಾಕ ಡಾಕ್ಟರ್ ಯಾಕ ಬೇಕು? ನಮ್ಮವ್ವನ್ನ ಕೇಳಿದ್ರೂ ಗೊತ್ತಿಲ್ಲ ಅಂತಾಳ."

ಅಕ್ಕವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು.

ನಿಜ ಹೇಳಬೇಕೆಂದರೆ, ನೇತ್ರಾ ಹೇಳಿದ್ದು ಗೌರೀಶನಿಗೆ ಅವಳಿಗಿಂತ ಚೆನ್ನಾಗಿ ಅರ್ಥವಾಗಿತ್ತು. ಫೌಂಡ್ರಿಯಲ್ಲಿ ನೀರಿನ ವಾಲ್ವುಗಳನ್ನು ಗಾಳಿ ತುಂಬಿ ನೀರಲ್ಲಿ ಮುಳುಗಿಸಿದಾಗ, ಮುಚ್ಚಳ ಗಟ್ಟಿಯಾಗಿದ್ದೂ ಅದನ್ನು ಕೂರಿಸಿದ ಬಳೆಯ ಸುತ್ತಲಿಂದ ಸಾಸಿವೆಯಂಥ ಗುಳ್ಳೆಗಳು ಏಳುವುದನ್ನು ಅವನು ಎಷ್ಟು ಸಲ ಕಂಡಿರಲಿಲ್ಲ! ಆದರೆ ಇದನ್ನು ಒಪ್ಪಿದರೆ ತಾನು ಆರಿಸಿದ್ದು ಕಾಟು ಎಂದಾಗುತ್ತಿತ್ತು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟ. ಮೇಜು ಸರಿಯಾಯಿತು.

ಮುಂದಿನ ವಾರ ನೇತ್ರಾಳ ಕಣ್ಣು ಹಳದಿಯಾದವು. ಗೌರೀಶ ತಾನೇ ಲ್ಯಾಬಿಗೆ ಕರೆದೊಯ್ದ. ಪಿತ್ತದ ಅಂಶ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಕೊನೆಗೂ ಒಂದು ಅಂಕಿ! ಎಷ್ಟೋ ತಿಂಗಳ ಮೇಲೆ ಅವನು ಹೆಂಡತಿಯೊಡನೆ ಪ್ರೀತಿಯಿಂದ ಮಾತಾಡಿದ.

"ನೋಡಿದೇನು? ಎದೀದೂ ಅಲ್ಲ, ಗಿದೀದೂ ಅಲ್ಲ. ಕಾಮಣಿ. ಉಚ್ಚಿ ಕೆಂಪಾಗೂದು, ದಣುವು, ಎಲ್ಲಾ ಕಾಮಣಿದ."

"ಕಣ ಒಡದ್ರೂ ಕಣ್ಣು ಹಳದಿ ಆಗತಾವಂತ ಮುಗ್ಧಾ ಮೇಡಂ ಅವತ್ತ ಹೇಳಿದ್ರು. ಒಂದು ಮಾತು ಅವರಿಗೆ..."

"ರಿಪೋರ್ಟಿನ್ಯಾಗ ಪ್ರಶ್ನಾರ್ಥಕ ಐತೇನು? ಇಲ್ಲ. ಮುಗೀತು."

ಕಾಮಣಿಗೆ, ಎಂದರೆ ಕಾಮಾಲೆಗೆ, ಖಾನಾಪುರದ ಪಾಂಡುರಂಗ ವೈದ್ಯರ ಎಲೆಯ ಪುಡಿಯೇ ಮದ್ದು ಎಂದು ಅಕ್ಕವ್ವ ಪಟ್ಟು ಹಿಡಿದಳು. ವಿಜ್ಞಾನ ಓದಿದ ಮಗನೂ ತಲೆದೂಗಿದ. ಕಾಮಣಿಗೆ ಇಂಗ್ಲಿಷ್ ಔಷಧವಿಲ್ಲ ಎಂಬುದನ್ನು ಅವನು ಎಲ್ಲೋ ಓದಿದ್ದ.

ಪಾಂಡುರಂಗ ವೈದ್ಯರಿಗೆ ಎಂಬತ್ತು ದಾಟಿತ್ತು. ಕಿವಿ ಮಂದ, ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿಲ್ಲ. ಮಾತೆಲ್ಲ ಮರಾಠಿ. ನೇತ್ರಾಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಹನ್ನೊಂದು ಪೊಟ್ಟಣ ಕಟ್ಟಿ, ಬೆರಳು ಮಡಿಸುತ್ತ ಪಥ್ಯ ಹೇಳಿದರು. ಎಣ್ಣೆಯದು ಬಂದ್. ಖಾರದ್ದು ಬಂದ್. ಹುಳಿ ಬಂದ್. ನಾಲ್ಕನೆಯ ಬೆರಳು ಮಡಿಸಿ, ಬೊಚ್ಚು ಬಾಯಲ್ಲಿ ನಾಲಗೆ ಹೊರಳಿಸಿ, ಇನ್ನೊಂದು ಹೇಳಿದರು. ಗೌರೀಶ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ‘ಗೋಳಿ ಬಂದ್’. ಅಂದರೆ ಗುಳಿಗೆ ಬಂದ್.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ನೇತ್ರಾ ಅದನ್ನು ನೋಡಿದಳು. ಆ ಸಾಲಿನ ಮೇಲೆ ಬೆರಳಿಟ್ಟಳು.

"ಅಜ್ಜಾರು ಗೋಳಿ ಅನ್ನಲಿಲ್ರಿ. ಗೋಡ ಅಂದ್ರು. ಗೋಡ ಅಂದ್ರ ಸಿಹಿ. ಎಣ್ಣಿ, ಖಾರ, ಹುಳಿ, ಸಿಹಿ. ಎಲ್ಲಾ ತಿನ್ನೂದ ಹೇಳಿದ್ರು. ನಡುವ ಗುಳಿಗಿ ಎಲ್ಲಿಂದ ಬಂತು?"

"ಇಪ್ಪತ್ತೆರಡು ವರ್ಷ ಮರಾಠಿ ಮಂದಿ ಕೂಡ ಕೆಲಸ ಮಾಡೀನಿ. ನನಗ ಮರಾಠಿ ಕಲಸಬ್ಯಾಡ."

"ನಾ ನಾಲ್ಕನೇತ್ತತನಕ ಮರಾಠಿ ಸಾಲಿ ಕಲಿತಾಕಿ. ಒಂದು ಸಲ ಒಳಗ ಹೋಗಿ ಕೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನ ಕಿವ್ಯಾಗ ಟಿಕ್ ಟಿಕ್ ಬಿಟ್ಟು ಬ್ಯಾರೆ ಏನರ ಕೇಳತೈತೇನು? ಗುಳಿಗಿ ಲಿವರಿಗೆ ಭಾರ, ಅದಕ್ಕ ಬಂದ್ ಅಂದಾರ. ಇದರಾಗ ಸೈನ್ಸ್ ಐತಿ."

ಮೂವತ್ತು ಹೆಜ್ಜೆ ಹಿಂದಕ್ಕೆ ನಡೆದಿದ್ದರೆ ಮುಗಿಯುತ್ತಿತ್ತು. ಬೆಳಗಾವಿಯ ಬಸ್ಸು ಬಂದು ನಿಂತಿತು. ಸೀಟು ಹೋದೀತೆಂದು ಅವನು ಮೊದಲು ಹತ್ತಿದ.

ಅಂದಿನಿಂದ ಕಪಾಟು ತೆರೆಯಲಿಲ್ಲ. ಮೂರನೆಯ ದಿನ ನೇತ್ರಾ ಗೋಡೆ ಹಿಡಿದು ಬೀದಿಯ ತುದಿಯ ಔಷಧದಂಗಡಿಗೆ ಹೋದಳು. ಚೀಟಿ ಇಲ್ಲದೆ ಆ ಗುಳಿಗೆ ಕೊಡುವುದಿಲ್ಲವೆಂದ ಅಂಗಡಿಯವನು ಪರಿಚಯದವನೇ; ಸಂಜೆ ಗೌರೀಶನಿಗೆ ಫೋನು ಮಾಡಿ ಹೇಳಿದ. ಗೌರೀಶ ಬೈಯಲಿಲ್ಲ. ಅವಳ ಫೋನು ತೆಗೆದುಕೊಂಡು ಅದೇ ಕಪಾಟಿನಲ್ಲಿಟ್ಟ. "ಪಥ್ಯ ಮುರದ್ರ ಔಷಧ ನಂಜಾಗತೈತಿ. ಹನ್ನೊಂದು ದಿನ ಸುಮ್ಮ ಕುಂದರು." ಹೊಸ್ತಿಲಲ್ಲಿ ಕಾವಲಿಗೆ ಅಕ್ಕವ್ವ ಕೂತಳು. ನೋಟ್‌ಬುಕ್ಕಿನಲ್ಲಿ ಚೌಕಗಳು ಖಾಲಿ ಉಳಿದವು. ಗೌರೀಶನಿಗೆ ಅದೊಂದೇ ಇರಸುಮುರಸು.

ಒಂಬತ್ತನೆಯ ದಿನ ಮಧ್ಯಾಹ್ನ ಅಕ್ಕವ್ವ ಸೊಸೆಯ ಬದಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಥಟ್ಟನೆ ತಲೆಯೆತ್ತಿದಳು.

"ಗೌರ್ಯಾ, ಬಾ ಇಲ್ಲೆ. ಗಡಿಯಾರ ಬಂದ್ ಆಗೇತಿ ನೋಡು. ಎಂಟು ತಿಂಗಳಾತು, ಕಿವಿ ತಂಪಾತವ್ವ. ನಮ್ಮ ಅಜ್ಜಾರ ಔಷಧ ಅಂದ್ರ ಸುಮ್ಮನ ಏನು!"

ಗೌರೀಶ ಬಗ್ಗಿ ಕಿವಿಗೊಟ್ಟ. ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟ ವಾಚಿನ ಹಾಗೆ ಎಲ್ಲೋ ದೂರದಲ್ಲಿ ಏನೋ ಇತ್ತು, ಅಥವಾ ಇರಲಿಲ್ಲ. ನೇತ್ರಾ ಅವನ ಅಂಗಿಯ ತುದಿ ಹಿಡಿದಳು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಎರಡು ದಿನದಿಂದ ಗೋಡೆಗೆ ಒರಗಿಯೇ ಕೂತಿದ್ದಳು.

"ನಿಮ್ಮ ಬುಕ್ಕು... ಮೊದಲನೇ ಪಾನು... ತಗೀರಿ."

ತೆಗೆಯುವ ಅಗತ್ಯವಿರಲಿಲ್ಲ. ಬರೆದವನು ಅವನೇ. ಸಪ್ಪಳ ಮಂಕಾದರೆ ಓಡಿ ಬರಬೇಕು ಎಂಬ ಸಾಲು ಅವನಿಗೆ ಬಾಯಿಪಾಠವಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಲೆಕ್ಕಾಚಾರ ಬಂತು. ಈಗ ಆಸ್ಪತ್ರೆಗೆ ಹೋದರೆ ಮೊದಲ ಪ್ರಶ್ನೆ, ಗುಳಿಗೆ ಬಿಡಿಸಿದವರು ಯಾರು? ಪಥ್ಯ ಮುಗಿದ ಮೇಲೆ ಹೋದರೆ ವೈದ್ಯರ ಹೆಸರು ಹೇಳಬಹುದು. ಅರ್ಧಕ್ಕೆ ಬಿಟ್ಟರೆ ತಾನೇ ತಪ್ಪಿದೆನೆಂದು ಒಪ್ಪಿದಂತೆ.

"ಇನ್ನೆರಡು ದಿನ" ಎಂದ. "ಕೋರ್ಸು ಮುಗೀಲಿ."

ಹನ್ನೊಂದನೆಯ ದಿನ ಬಾಡಿಗೆ ಕಾರು ಮಾಡಿ ಖಾನಾಪುರಕ್ಕೆ ಕರೆದೊಯ್ದ. ಅವಳನ್ನು ಡ್ರೈವರ್ ಮತ್ತು ಅವನು ಇಬ್ಬರೂ ಹಿಡಿದು ಇಳಿಸಬೇಕಾಯಿತು. ಪಾಂಡುರಂಗ ವೈದ್ಯರು ಅವಳ ನೀಲಿಗಟ್ಟಿದ ತುಟಿ ನೋಡಿ ಗಾಬರಿಯಾದರು. ಇದು ತನ್ನ ಕೈಯ ರೋಗವಲ್ಲ, ದೊಡ್ಡ ದವಾಖಾನೆಗೆ ಈಗಲೇ ಒಯ್ಯಿರಿ ಎಂದು ಗದರಿದರು. ಆದರೂ ಅರವತ್ತು ವರ್ಷದ ರೂಢಿ. ಪಥ್ಯ ಬಿಡಿಸದೆ ರೋಗಿಯನ್ನು ಕಳಿಸಿದವರಲ್ಲ. ಡಬ್ಬಿಯಿಂದ ಬೆಲ್ಲದ ಚೂರೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಮಡಿಸಿದರು.

"ಆತಾ ಗೋಡ ಚಾಲೂ ಕರಾ, ಬಾಳಾ."

ಇನ್ನು ಸಿಹಿ ಶುರು ಮಾಡು, ಮಗಳೇ. ಈ ಸಲ ‘ಗೋಡ’ ಎಂಬುದು ಹಲ್ಲಿಲ್ಲದ ಬಾಯಿಂದಲೂ ಸ್ಪಷ್ಟವಾಗಿಯೇ ಬಂತು. ನೇತ್ರಾ ಬೆಲ್ಲ ನೋಡಲಿಲ್ಲ. ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

ಕಾರಿನಲ್ಲಿ ಅವಳು ಹೇಳಿದ್ದು ಎರಡೇ ಮಾತು. "ಮುಗ್ಧಾ ಮೇಡಂ." ಅವನು ತಲೆಯಾಡಿಸಿ, ಟಿಳಕವಾಡಿಗೆ ಎಂದು ಡ್ರೈವರಿಗೆ ಹೇಳಿದ. ನಂತರ ತೊಡೆಯ ಮೇಲೆ ನೋಟ್‌ಬುಕ್ ತೆರೆದು, ಪೆನ್ನು ತೆಗೆದು, ರಸ್ತೆಯ ಗುಂಡಿಗಳ ನಡುವೆ ಕೈ ಅಲುಗದಂತೆ ಹಿಡಿದು, ಖಾಲಿ ಚೌಕಗಳನ್ನು ತುಂಬತೊಡಗಿದ. ಹನ್ನೊಂದು ಟಿಕ್. ಪಥ್ಯದ ಪುಟವನ್ನು ಹರಿದು ಕಿಟಕಿಯಿಂದ ಬಿಟ್ಟ.

"ಕೇಳಿದ್ರ ಒಂದೂ ಬಿಟ್ಟಿಲ್ಲ ಅನ್ನು. ತಿಳೀತೇನು?"

ಅವಳಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಅವನು ಅದನ್ನು ಹೂಂ ಎಂದುಕೊಂಡ.

ಡಾಕ್ಟರ್ ಮುಗ್ಧಾ ನೇತ್ರಾಳ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ತೆಗೆದ ಮೇಲೆ ಅವಳನ್ನು ಒಳಗೆ ಕಳಿಸಿ, ಗೌರೀಶನತ್ತ ತಿರುಗಿದರು.

"ರಕ್ತದ ಗುಳಿಗಿ ಯಾವಾಗಿಂದ ಬಿಟ್ಟಾರ?"

"ಒಂದೂ ಬಿಟ್ಟಿಲ್ರಿ." ನೋಟ್‌ಬುಕ್ ಮುಂದಿಟ್ಟ. "ದಿನಾ ನಾನ ಕೈಯಾರೆ ಕೊಟ್ಟೀನಿ. ನೋಡ್ರಿ, ಎಲ್ಲಾ ರೆಕಾರ್ಡ್ ಐತಿ."

ಅವರು ಪುಟ ತಿರುವಲಿಲ್ಲ. ಒಳಗಿಂದ ಹುಡುಗಿಯೊಬ್ಬಳು ಸಣ್ಣ ಯಂತ್ರ ತಂದು ತೋರಿಸಿದಳು. ಗುಳಿಗೆ ನುಂಗುವವರ ರಕ್ತದ ತೆಳುವು ಮೂರರ ಆಸುಪಾಸು ಇರಬೇಕು, ಏನೂ ನುಂಗದವರದು ಒಂದು. ಯಂತ್ರದಲ್ಲಿ ಒಂದು ಪಾಯಿಂಟ್ ಒಂದು ಇತ್ತು. ಅದರ ಮುಂದೆ ಯಾವ ಪ್ರಶ್ನಾರ್ಥಕವೂ ಇರಲಿಲ್ಲ.

ಗೌರೀಶ ಆ ಅಂಕಿಯನ್ನೇ ನೋಡಿದ. ಅಳತೆ ಸುಳ್ಳು ಹೇಳುವುದಿಲ್ಲವೆಂದು ಇಪ್ಪತ್ತೆರಡು ವರ್ಷ ಕಂಡಕಂಡವರಿಗೆಲ್ಲ ಹೇಳಿದ್ದವನು ಅವನೇ.

"ಮಷೀನ್ ಕೆಟ್ಟಿರಬೇಕ್ರಿ" ಎಂದ. "ಇನ್ನೊಂದು ಕಡೆ ತೋರಸೂಣ್ರಿ."

ಮುಗ್ಧಾ ಆಗಲೇ ಬಾಗಿಲು ದಾಟುತ್ತಿದ್ದರು. "ನಿಮಗ ಟೈಮ್ ಅದ" ಎಂದರು, ತಿರುಗದೆ. "ಅವರಿಗಿಲ್ಲ."

ಪರದೆಯ ಆಚೆ ಯಾರೋ ಸೂಜಿ ಚುಚ್ಚಲು ಅವಳ ಮುಷ್ಟಿ ಬಿಡಿಸುತ್ತಿದ್ದರು. "ಅಯ್ಯ, ಕೈ ತುಂಬ ಬೆಲ್ಲ ಅಂಟೇತಿ" ಎಂಬ ದನಿ ಕೇಳಿತು. ನೀರು ತರಲು ಯಾರೋ ಓಡಿದರು. ಗೌರೀಶ ನೋಟ್‌ಬುಕ್ ಎತ್ತಿಕೊಂಡು, ಹರಿದ ಪುಟದ ಅಂಚಿನಲ್ಲಿ ಉಳಿದಿದ್ದ ಕಾಗದದ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಕೀಳತೊಡಗಿದ. ಒಳಗೆ ಓಡಾಟ ನಿಂತದ್ದು ಅವನ ಗಮನಕ್ಕೆ ಬಂದದ್ದು ಅಂಚು ಪೂರ್ತಿ ಸ್ವಚ್ಛವಾದ ಮೇಲೆಯೇ.